ವೇನ್ಯಾನ ಹರಕೆಯ ಮೇಕೆ

ಹದಿನೇಳು ಚಿತ್ರ ಮಾಡಿದ ಮನುಷ್ಯ. ಒಂದಕ್ಕೂ ಬಹುಮಾನ ಬರಲಿಲ್ಲ. ಹೋಗಲಿ ಎಂದರೆ, ಸತ್ತಾಗ ಪತ್ರಿಕೆಯವರು ಅವನ ಫೋಟೊವನ್ನಾದರೂ ಹಾಕಬೇಡವೇ? ಇನ್ಯಾರದೋ ಫೋಟೊ ಹಾಕಿದರು. ಆ ಫೋಟೊದಲ್ಲಿದ್ದವನು ವೇನ್ಯಾಗಿಂತ ನೋಡಲು ಚೆನ್ನಾಗಿದ್ದ. ಅದಕ್ಕೇ ನಾನು ಪತ್ರ ಬರೆದು ತಿದ್ದಿಸುವ ಗೋಜಿಗೆ ಹೋಗಲಿಲ್ಲ.

ಪೂರ್ತಿ ಹೆಸರು ವೆನಿಯಮಿನ್ ಸಾವೆಲ್ಯೆವಿಚ್ ಕುರೋಚ್ಕಿನ್. ಮಾಸ್ಕೋದ ನಮ್ಮ ಕಾರ್ಟೂನು ಚಿತ್ರಗಳ ಸ್ಟುಡಿಯೋದಲ್ಲಿ ಆ ಹೆಸರನ್ನು ಪೂರ್ತಿ ಹೇಳುತ್ತಿದ್ದದ್ದು ಸಭೆಯಲ್ಲಿ ಬೈಯುವಾಗ ಮಾತ್ರ. ಉಳಿದ ಹೊತ್ತೆಲ್ಲ ಅವನು ಬರೀ ವೇನ್ಯಾ. ನಿರ್ದೇಶಕರನ್ನು ಏಕವಚನದಲ್ಲಿ ಕರೆಯುತ್ತೀಯಲ್ಲ ರಿಮ್ಮಾ ಎಂದು ಯಾರಾದರೂ ಮೂಗು ಮುರಿದರೆ ಮುರಿದುಕೊಳ್ಳಲಿ. ನಾನು ಬೆರೆಸಿಟ್ಟ ಹಳದಿ ಬಣ್ಣಕ್ಕೆ ಚಹಾದ ಚಮಚ ಅದ್ದಿ ಕಲಕಿದವನಿಗೆ ಬಹುವಚನ ನನ್ನ ಬಾಯಲ್ಲಿ ಬರುವುದಿಲ್ಲ.

ನಾನು ಮೂವತ್ತನಾಲ್ಕು ವರ್ಷ ಆ ಸ್ಟುಡಿಯೋದ ಬಣ್ಣದ ಕೋಣೆಯಲ್ಲಿದ್ದೆ. ಕೈಗೆ ಬಿಳಿ ಗವಸು ಹಾಕಿಕೊಂಡ ಇಪ್ಪತ್ತೆಂಟು ಹೆಂಗಸರು. ಚಿತ್ರಗಾರರು ಪೆನ್ಸಿಲಿನಲ್ಲಿ ಬರೆದದ್ದನ್ನು ಗಾಜಿನಂಥ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಗೆರೆ ಎಳೆದು ಕಳಿಸುತ್ತಿದ್ದರು. ನಾವು ಹಾಳೆ ತಿರುಗಿಸಿ ಹಿಂಬದಿಗೆ ಬಣ್ಣ ತುಂಬುತ್ತಿದ್ದೆವು. ತೆರೆಯ ಮೇಲೆ ಮೊಲ ಒಂದು ಸಲ ಕಿವಿ ಅಲ್ಲಾಡಿಸಿತೆಂದರೆ ಅದರ ಹಿಂದೆ ಒಬ್ಬ ಹೆಂಗಸಿನ ಅರ್ಧ ದಿನ ಹೋಗಿರುತ್ತಿತ್ತು. ಹಾಳೆಗಳಿಗೆ ಸದಾ ಬರ. ಚಿತ್ರೀಕರಣ ಮುಗಿದ ಮೇಲೆ ಅವನ್ನೆಲ್ಲ ತೊಟ್ಟಿಯಲ್ಲಿ ಸೋಡಾ ಹಾಕಿ ತೊಳೆದು, ಒರೆಸಿ, ಮತ್ತೆ ಬಳಸುತ್ತಿದ್ದೆವು. ಮೊನ್ನೆ ತೋಳವಿದ್ದ ಹಾಳೆಯ ಮೇಲೆ ಇವತ್ತು ರಾಜಕುಮಾರಿ, ನಾಳೆ ಟ್ರ್ಯಾಕ್ಟರ್. ಗುರುವಾರ ತೊಳೆಯುವ ದಿನ. ಈ ಗುರುವಾರವನ್ನು ಸ್ವಲ್ಪ ನೆನಪಿಡಿ.

ವೇನ್ಯಾ ಉಂಜಾ ಹೊಳೆಯ ದಂಡೆಯ ಹಳ್ಳಿಯವನು. ಹತ್ತೊಂಬತ್ತಕ್ಕೆ ಮಾಸ್ಕೋಗೆ ಬಂದು ಅಂಗಡಿಗಳ ಬೋರ್ಡು ಬರೆಯತೊಡಗಿದ. ಒಂದು ಮೀನಿನಂಗಡಿಗೆ ಅವನು ಬರೆದ ಮೀನು ಎಷ್ಟು ಹಿತವಾಗಿ ನಗುತ್ತಿತ್ತೆಂದರೆ, ಗಿರಾಕಿಗಳು ಅದರ ಮುಖ ನೋಡಿ ಪಕ್ಕದ ಅಂಗಡಿಗೆ ಹೋಗಿ ಸಾಸೇಜ್ ಕೊಂಡರಂತೆ. ಆ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಸ್ಟುಡಿಯೋದ ತರಬೇತಿ. ಆಮೇಲೆ ಯುದ್ಧ. ನಾಲ್ಕು ವರ್ಷ ಸೇನೆಗಾಗಿ 'ಇಲ್ಲಿ ನೆಲಬಾಂಬಿದೆ' ಎಂಬ ಫಲಕ ಬರೆದು, ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ವಾಪಸು ಬಂದ. ಬಂದವನು ಆರು ವರ್ಷ ಬೇರೆಯವರ ಮೊಲಗಳ ಕಿವಿ ಬರೆದ. ನಿರ್ದೇಶಕನಾದಾಗ ನಲವತ್ತು.

ನಮ್ಮ ಚಿತ್ರಗಾರರ ಮೇಜಿನ ಮೇಲೆಲ್ಲ ಒಂದೊಂದು ಕನ್ನಡಿ ಇರುತ್ತಿತ್ತು. ನರಿ ಮುನಿಸಿಕೊಳ್ಳಬೇಕಾದರೆ ಇವರು ಮೊದಲು ಕನ್ನಡಿಯಲ್ಲಿ ಮುನಿಸಿಕೊಂಡು ನೋಡಿ ಬರೆಯುತ್ತಿದ್ದರು. ಹೆಂಡತಿ ಮಕ್ಕಳಿರುವ ಗಂಡಸರು ಸಾಲಾಗಿ ಕೂತು ಕನ್ನಡಿಗೆ ಹಲ್ಲು ಕಿರಿಯುವುದನ್ನು ಹೊಸದಾಗಿ ಬಂದವರು ನೋಡಿದರೆ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ವೇನ್ಯಾಗೆ ಮಾತ್ರ ಕನ್ನಡಿಯ ಗೊಡವೆಯಿರಲಿಲ್ಲ. ಅವನ ಹುಚ್ಚೇ ಬೇರೆ. ಅವನಿಗೆ ಬೇಕಾದದ್ದು ನಡಿಗೆ. ಬೀದಿಯಲ್ಲಿ ಯಾರ ನಡಿಗೆಯಾದರೂ ಹಿಡಿಸಿದರೆ ಆ ಮನುಷ್ಯನ ಹಿಂದೆ ಹೋಗುವುದಲ್ಲ, ಮುಂದೆ ಹೋಗುತ್ತಿದ್ದ. ಮುಂದೆ ಹೋಗಿ, ತಲೆ ತಗ್ಗಿಸಿ, ನೆಲ ನೋಡುತ್ತ ನಡೆಯುತ್ತಿದ್ದ. ದೀಪದ ಕಂಬಕ್ಕೆ ಹಣೆ ಬಡಿಸಿಕೊಳ್ಳುವವರೆಗೂ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಒಬ್ಬ ದಪ್ಪ ಹೆಂಗಸು ಪೊಲೀಸಿನವನನ್ನು ಕರೆದಳು.

"ಈ ಮನುಷ್ಯ ಅರ್ಧ ಗಂಟೆಯಿಂದ ನನ್ನ ಬೆನ್ನು ಬಿದ್ದಿದ್ದಾನೆ."

"ನಿಮ್ಮ ಮುಂದೆ ಇದಾನಲ್ಲಮ್ಮ," ಎಂದನಂತೆ ಪೊಲೀಸಿನವನು.

"ಮುಂದಿನಿಂದಲೇ ಬೆನ್ನು ಬಿದ್ದಿದ್ದಾನೆ."

ಯಾವ ಕಾನೂನಿನಡಿ ಹಿಡಿಯುವುದೆಂದು ಗೊತ್ತಾಗದೆ ಬಿಟ್ಟು ಕಳಿಸಿದರು. ಯಾಕಯ್ಯಾ ಹೀಗೆ ನೆಲ ನೋಡುತ್ತೀಯ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. "ಅಭ್ಯಾಸ," ಎನ್ನುತ್ತಿದ್ದ. ಅಷ್ಟೇ.

ಈಗ ಮೇಕೆಯ ವಿಷಯಕ್ಕೆ ಬರುತ್ತೇನೆ.

ಚಿತ್ರ ಮುಗಿದ ಮೇಲೆ ಕಲಾ ಸಮಿತಿ ಅದನ್ನು ನೋಡಿ ಒಪ್ಪಬೇಕು. ಏಳು ಜನರ ಸಮಿತಿ. ನೋಡಿ ಸುಮ್ಮನೆ ಹೋಗುವಂತಿಲ್ಲ. ಏನಾದರೊಂದು ತಪ್ಪು ಹಿಡಿಯದಿದ್ದರೆ ಅವರು ಕೆಲಸವನ್ನೇ ಮಾಡಿಲ್ಲ ಎಂದಾಗುತ್ತದೆ. ಇದು ಗೊತ್ತಿದ್ದ ನಿರ್ದೇಶಕರು ಕತ್ತರಿಸಲಿ ಎಂದೇ ಚಿತ್ರದಲ್ಲಿ ಒಂದು ಅಸಂಬದ್ಧವನ್ನು ಸೇರಿಸಿ ಇಡುತ್ತಿದ್ದರು. ಹರಕೆಯ ಕುರಿ ಇದ್ದ ಹಾಗೆ. ಒಬ್ಬ, ಕುಡಿದು ತೂರಾಡುವ ಕಾಗೆಯನ್ನು ಸೇರಿಸುತ್ತಿದ್ದ, ಇನ್ನೊಬ್ಬ ಬಿಸಿಲಲ್ಲಿ ಛತ್ರಿಯನ್ನು. ವೇನ್ಯಾನದು ಮೇಕೆ. ಕರಡಿಯ ಹುಟ್ಟುಹಬ್ಬದ ಚಿತ್ರದಲ್ಲಿ ಚಾವಣಿಯ ಮೇಲೆ ತಲೆಕೆಳಗಾಗಿ ನಡೆಯುವ ನೇರಳೆ ಮೇಕೆ. ಸಮುದ್ರದ ಚಿತ್ರದಲ್ಲಿ ಮೀನುಗಳ ನಡುವೆ ಹಾದುಹೋಗುವ ಮೇಕೆ.

"ಕಾಮ್ರೇಡ್ ಕುರೋಚ್ಕಿನ್, ಸಮುದ್ರದ ತಳದಲ್ಲಿ ಮೇಕೆ ಯಾಕೆ ಬಂತು?" ಎಂದು ಸಮಿತಿಯ ಅಧ್ಯಕ್ಷ ಬ್ರಾಗಿನ್ ಕೇಳುತ್ತಿದ್ದ. ತಲೆಗೆ ಹ್ಯಾಟು, ಕಂಕುಳಲ್ಲಿ ಬ್ರೀಫ್‌ಕೇಸು. ಕೋಣೆಯೊಳಗೂ ಎರಡನ್ನೂ ಬಿಟ್ಟವನಲ್ಲ.

ವೇನ್ಯಾ ಎದ್ದುನಿಂತು ಎದೆಗೆ ಕೈಯಿಟ್ಟುಕೊಂಡು, ಆ ಮೇಕೆಯೇ ಚಿತ್ರದ ಆತ್ಮ, ಅದಿಲ್ಲದಿದ್ದರೆ ತಾನು ಬದುಕುವುದು ಹೇಗೆ ಎಂದು ಹತ್ತು ನಿಮಿಷ ಗೋಗರೆಯುತ್ತಿದ್ದ. ಸಮಿತಿ ಬಗ್ಗುತ್ತಿರಲಿಲ್ಲ. ಕೊನೆಗೆ ಅವನು ಕುರ್ಚಿಗೆ ಕುಸಿದು, "ಆಯ್ತು, ತೆಗೀರಿ," ಎನ್ನುತ್ತಿದ್ದ. ಏಳೂ ಜನಕ್ಕೆ ತೃಪ್ತಿ. ಚಹಾ ಬರುತ್ತಿತ್ತು, ಬನ್ನು ಬರುತ್ತಿತ್ತು, ಉಳಿದ ಚಿತ್ರಕ್ಕೆ ಕೂದಲೂ ಕೊಂಕದೆ ಒಪ್ಪಿಗೆ ಬೀಳುತ್ತಿತ್ತು. ಹೀಗೆ ಹನ್ನೊಂದು ವರ್ಷ, ಹನ್ನೊಂದು ಮೇಕೆ.

ಹನ್ನೆರಡನೆಯದರಲ್ಲಿ ಕೆಟ್ಟಿತು.

ಆ ವರ್ಷ ಶರತ್ಕಾಲದಲ್ಲಿ ಅವನ ಊರಿನಿಂದ ಪತ್ರ ಬಂತು. ಬರೆದವಳು ಪಕ್ಕದ ಮನೆಯ ಫ್ಯೋಕ್ಲಾ. ನಿನ್ನ ತಾಯಿಗೆ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಬೇಸಿಗೆಯವರೆಗೆ ಬಂದರೆ ಹೆಚ್ಚು, ಆಪರೇಷನ್ನಿಗೆ ಸಿಗುವ ಕಣ್ಣಲ್ಲ ಎಂದು ಡಾಕ್ಟರು ಹೇಳಿದರು ಎಂದಿತ್ತು. ವೇನ್ಯಾ ಪತ್ರ ಹಿಡಿದುಕೊಂಡು ನಮ್ಮ ಬಣ್ಣದ ಕೋಣೆಗೆ ಬಂದು ಹೀಟರಿನ ಪಕ್ಕ ಕೂತ.

"ಅಮ್ಮ ನನ್ನ ಒಂದು ಚಿತ್ರಾನೂ ನೋಡಿಲ್ಲ ರಿಮ್ಮಾ," ಎಂದ.

"ಒಂದೂ?"

"ಒಂದೂ ಇಲ್ಲ. ಬೆಳೆದ ಗಂಡಸು ಮೊಲ ಬರೀತಾನೆ ಅಂದ್ರೆ ಊರಲ್ಲಿ ನಗ್ತಾರೆ ಅಂತ ಅವಳಿಗೆ. ನಾನು ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೇಲಿ ಮೇಸ್ತ್ರಿ ಅಂತ ಎಲ್ಲರಿಗೂ ಹೇಳಿಟ್ಟಿದ್ದಾಳೆ. ಊರಿಗೆ ಹೋದಾಗಲೆಲ್ಲ ಜನ ನನ್ನ ಹತ್ರ ಲಂಗದ ಬಣ್ಣ ಯಾಕೆ ಬಿಡುತ್ತೆ ಅಂತ ಕೇಳ್ತಾರೆ."

"ಏನು ಹೇಳ್ತೀಯ?"

"ವಿನೆಗರ್ ಹಾಕಿ ಅಂತೀನಿ."

ನಾನು ನಕ್ಕೆ. ಅವನು ನಗಲಿಲ್ಲ. ಈ ಚಿತ್ರದಲ್ಲಿ ಅಮ್ಮನನ್ನೇ ಇಡುತ್ತೇನೆ, ಅವಳ ಕಣ್ಣು ಹೋಗುವುದರೊಳಗೆ ತೋರಿಸಿಬಿಡಬೇಕು ಎಂದ.

ಹತ್ತು ನಿಮಿಷದ ಚಿತ್ರ. ಒಂದು ಹಳ್ಳಿಯಲ್ಲಿ ಬೆಳಗೇ ಆಗುವುದಿಲ್ಲ. ಬೆಳಗನ್ನು ಕದ್ದವರು ಯಾರು ಎಂದು ಹುಂಜ ಮನೆಮನೆಗೆ ಹೋಗಿ ಜಗಳ ಕಾಯುತ್ತದೆ. ಯಾರೂ ಕದ್ದಿಲ್ಲ. ಕೊನೆಗೆ ಹೊಳೆಯ ಕಡೆಯಿಂದ ಒಬ್ಬ ಮುದುಕಿ ಏರು ಹತ್ತಿ ಬರುತ್ತಾಳೆ. ಹೆಗಲ ಮೇಲೆ ಅಡ್ಡೆ, ಅದರ ಎರಡು ತುದಿಗೆ ಎರಡು ಬಕೆಟ್ಟು. ಬಕೆಟ್ಟಿನ ನೀರಿನಲ್ಲಿ ಸೂರ್ಯ. ಅವಳು ಮನೆ ತಲುಪಿದಾಗ ಬೆಳಗಾಗುತ್ತದೆ. ಮುದುಕಿ ಏರು ಹತ್ತುವುದು ನಲವತ್ತು ಸೆಕೆಂಡು. ಅದರಲ್ಲಿ ಏನೂ ಆಗುವುದಿಲ್ಲ, ಬರೀ ನಡಿಗೆ. ಮೂರು ಹೆಜ್ಜೆ, ನಿಲ್ಲುವುದು, ಎಡ ಹೆಗಲು ಮೇಲೆತ್ತಿ ಅಡ್ಡೆ ಸರಿಮಾಡಿಕೊಳ್ಳುವುದು, ತುಳುಕಿದ ಬಕೆಟ್ಟಿಗೆ ಬೈಯುವುದು, ಮತ್ತೆ ಮೂರು ಹೆಜ್ಜೆ. ಅದು ಅವನ ತಾಯಿ ಉಸ್ತೀನ್ಯಾಳ ನಡಿಗೆ. ಆ ನಲವತ್ತು ಸೆಕೆಂಡನ್ನು ಬೇರೆ ಯಾವ ಚಿತ್ರಗಾರನಿಗೂ ಮುಟ್ಟಲು ಕೊಡದೆ ತಾನೇ ಬರೆದ. ಬಣ್ಣವನ್ನು ನಾನೇ ತುಂಬಿದೆ. ಮುನ್ನೂರ ಹನ್ನೆರಡು ಹಾಳೆ.

ಸಮಿತಿ ಏನು ಹೇಳುತ್ತದೆಂದು ನಮಗೆ ಗೊತ್ತಿತ್ತು. ನಮ್ಮ ದೇಶದ ಹಳ್ಳಿಯಲ್ಲಿ ಮುದುಕಿ ಇನ್ನೂ ಹೊಳೆಯಿಂದ ನೀರು ಹೊರುತ್ತಾಳೆಯೇ, ನಲ್ಲಿ ಎಲ್ಲಿ ಎನ್ನುತ್ತದೆ. ಆದ್ದರಿಂದ ಈ ಸಲದ ಮೇಕೆ ಸಾಮಾನ್ಯದ್ದಾದರೆ ಸಾಲದು. ಅದನ್ನು ನೋಡಿದ ಮೇಲೆ ಅಜ್ಜಿ ಯಾರ ಕಣ್ಣಿಗೂ ಬೀಳಬಾರದು. ವೇನ್ಯಾ ಎರಡು ತಿಂಗಳು ಮೇಕೆಗೇ ಕೂತ. ಹ್ಯಾಟು ತೊಡಿಸಿದ, ಕಂಕುಳಿಗೆ ಬ್ರೀಫ್‌ಕೇಸು ಕೊಟ್ಟ. ಆ ಮೇಕೆ ಬೆಳಗಾಗದ ಹಳ್ಳಿಯಲ್ಲಿ ಮರದ ಬೊಡ್ಡೆಯ ಮೇಲೆ ನಿಂತು ಎಲೆಕೋಸುಗಳಿಗೆ ಭಾಷಣ ಮಾಡುತ್ತದೆ, ಭಾಷಣ ಮುಗಿದ ಮೇಲೆ ಕಾಗದವನ್ನು ಮಡಿಸಿ ತಿಂದುಬಿಡುತ್ತದೆ. ಬ್ರಾಗಿನ್ ಇದನ್ನು ಕತ್ತರಿಸದೆ ಇರುವುದುಂಟೇ? ನಾನೂ ಮೇಕೆಯ ಗಡ್ಡಕ್ಕೆ ಬೂದು ಬಣ್ಣದ ಜೊತೆ ಒಂದು ತೊಟ್ಟು ನೀಲಿ ಬೆರೆಸಿದೆ. ಬೆಳ್ಳಿಯ ಹಾಗೆ ಹೊಳೆಯಿತು.

ಅಲ್ಲೇ ನಾವು ಎಡವಿದ್ದು. ಹನ್ನೊಂದು ಮೇಕೆಗಳನ್ನೂ ವೇನ್ಯಾ ಅರ್ಧ ಮನಸ್ಸಿನಲ್ಲಿ ಬರೆದಿದ್ದ. ಸಾಯಲಿರುವ ಮೇಕೆಗೆ ಎಷ್ಟು ಸಿಂಗಾರ ಬೇಕು? ಇದನ್ನು ಮಾತ್ರ ತಾಯಿಯ ಕಾವಲಿಗೆಂದು ಬರೆದ. ಹರಕೆಯ ಕುರಿಯನ್ನು ಅತಿಯಾಗಿ ಮೇಯಿಸಿಬಿಟ್ಟ.

ಸಮಿತಿಯ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೇಕೆ ಭಾಷಣದ ಕಾಗದ ತಿಂದಾಗ ಬ್ರಾಗಿನ್ ಕೆಮ್ಮಿದ. ಕೆಮ್ಮಲ್ಲ, ನಗು. ಅವನು ನಗುವುದನ್ನು ನಾವು ಅದುವರೆಗೆ ಕೇಳಿರಲಿಲ್ಲವಾದ್ದರಿಂದ ಗುರುತು ಹತ್ತಲಿಲ್ಲ. ದೀಪ ಹತ್ತಿತು.

"ಕಾಮ್ರೇಡ್ ಕುರೋಚ್ಕಿನ್," ಎಂದ, "ಇಷ್ಟು ವರ್ಷ ನಿಮ್ಮ ಮೇಕೆಗಳ ಮೇಲೆ ನಾನು ಕಠಿಣವಾಗಿದ್ದೆ. ಇವತ್ತು ಒಪ್ಕೋತೀನಿ. ಈ ಮೇಕೆಗೆ ಒಂದು ಘನತೆ ಇದೆ."

ವೇನ್ಯಾ ಎದೆಗೆ ಕೈಯಿಟ್ಟುಕೊಂಡು ಎದ್ದಾಗಿತ್ತು. ಮುಂದೇನು ಹೇಳಬೇಕೆಂದು ತೋಚದೆ ಹಾಗೇ ನಿಂತ.

"ಬೇಡ ಕಾಮ್ರೇಡ್," ಎಂದ ಕೊನೆಗೆ. "ಮೇಕೆ ಅಸಂಬದ್ಧ. ತೆಗೆದುಬಿಡೋಣ."

"ನಿಮ್ಮ ವಿನಯ ದೊಡ್ಡದು. ಮೇಕೆ ಇರಲಿ. ಇನ್ನೂ ಜಾಸ್ತಿ ಇರಲಿ. ಆದರೆ ಆ ಮುದುಕಿ ಯಾಕೆ? ಅವಳ ಊರಲ್ಲಿ ನಲ್ಲಿ ಇಲ್ವಾ? ನಾಳೆ ಯಾರಾದ್ರೂ ಪತ್ರ ಬರೆದು ಕೇಳಿದ್ರೆ ಉತ್ತರ ಕೊಡೋರು ಯಾರು?"

"ಅವಳು ಬೆಳಗು ತರ್ತಾಳೆ," ಎಂದ ವೇನ್ಯಾ.

"ಮೇಕೆ ತರಲಿ. ಮೇಕೆ ಮನೇಲಿ ನಲ್ಲಿ ಇಲ್ಲ ಅಂತ ಯಾರೂ ಪತ್ರ ಬರೆಯಲ್ಲ."

ಉಳಿದ ಆರು ಜನ ತಲೆದೂಗಿದರು. ವೇನ್ಯಾ ಹತ್ತು ನಿಮಿಷವಲ್ಲ, ಒಂದು ಗಂಟೆ ವಾದಿಸಿದ. ಮುದುಕಿಯೇ ಚಿತ್ರದ ಆತ್ಮ ಎಂದ. ಆದರೆ ಹನ್ನೊಂದು ವರ್ಷ ಹನ್ನೊಂದು ಮೇಕೆಗಳಿಗೂ ಅದೇ ಮಾತು, ಅದೇ ಎದೆ, ಅದೇ ಕೈ. ನಂಬುವವರು ಯಾರು? ಬ್ರಾಗಿನ್ ಅವನ ಭುಜ ತಟ್ಟಿ, "ನಿಮ್ಮ ಸಂಕಟ ನನಗೆ ಅಭ್ಯಾಸ ಆಗಿದೆ ಬಿಡಿ," ಎಂದು ಚಹಾಕ್ಕೆ ಹೋದ. ತೋಳ ಬಂತು ತೋಳ ಎಂದು ಕೂಗಿದವನ ಗತಿಯೇ ಇವನದೂ ಆಯಿತು.

ಮೂರು ದಿನ ವೇನ್ಯಾ ಹೀಟರಿನ ಪಕ್ಕ ಕೂತ. ಒಳಗೆ ಹೂರಣವಿಟ್ಟು ಬೇಯಿಸಿದ ಪಿರೋಗಿ ಕೊಟ್ಟರೆ ತಿನ್ನಲಿಲ್ಲ. ಎಲೆಕೋಸಿನ ಪಿರೋಗಿಯನ್ನು ವೇನ್ಯಾ ಬೇಡವೆಂದ ಎಂದರೆ ವಿಷಯ ಗಂಭೀರ ಎಂದೇ ಅರ್ಥ. ಕತ್ತರಿಸಿದ ದೃಶ್ಯದ ಹಾಳೆಗಳು ತೊಳೆಯುವುದಕ್ಕೆ ಬಂದು ಮೂಲೆಯಲ್ಲಿ ಕೂತಿದ್ದವು. ಮರುದಿನ ಗುರುವಾರ. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಬಾಯಿಗೆ ಬಂತು.

"ಏಳು," ಎಂದೆ. "ಆ ಎರಡು ಬಣ್ಣದ ಡಬ್ಬ ತಗೋ. ಈ ಒರೆಸೋ ಕೋಲನ್ನ ಹೆಗಲಿಗೆ ಹಾಕ್ಕೋ. ನಿಮ್ಮಮ್ಮನ ಹಾಗೆ ನಡಿ."

"ಯಾಕೆ?"

"ನಡಿ ಅಂದ್ನಲ್ಲ."

ಅವನು ನಡೆದ. ಇಪ್ಪತ್ತೆಂಟು ಹೆಂಗಸರು ಕುಂಚ ಕೆಳಗಿಟ್ಟು ನೋಡಿದರು. ಮೂರು ಹೆಜ್ಜೆ, ನಿಲ್ಲುವುದು, ಎಡ ಹೆಗಲು, ಡಬ್ಬಕ್ಕೆ ಬೈಗುಳ. ಐವತ್ತರ ಗಂಡಸು, ಬೋಳುತಲೆ, ಮೊಣಕೈ ಹರಿದ ಸ್ವೆಟರು. ಆದರೂ ಕೋಣೆಯ ಈ ತುದಿಯಿಂದ ಆ ತುದಿಗೆ ಹೋದದ್ದು ಒಬ್ಬ ಮುದುಕಿಯೇ. ಅವಳನ್ನು ಕಣ್ಣಾರೆ ಕಾಣದ ನಮಗೂ ಅದರಲ್ಲಿ ಸಂಶಯ ಬರಲಿಲ್ಲ.

"ನೋಡು," ಎಂದೆ. "ನಿನಗೆ ತಲೆವಸ್ತ್ರ ಇಲ್ಲ, ಲಂಗ ಇಲ್ಲ, ಮುಖ ಅಂತೂ ದೇವರಿಗೇ ಪ್ರೀತಿ. ಆದ್ರೂ ಅವಳು ಬಂದಳೋ ಇಲ್ವೋ? ನಿಮ್ಮಮ್ಮ ಇರೋದು ಕಾಲಲ್ಲಿ ಕಣೋ. ಬ್ರಾಗಿನ್ ಕತ್ತರಿಸಿದ್ದು ಲಂಗ. ಕಾಲನ್ನ ಮೇಕೆಗೆ ಕೊಡು."

ಅವನು ಡಬ್ಬಗಳನ್ನು ಇಳಿಸಿದ. "ಹೆತ್ತ ತಾಯಿನ ಮೇಕೆ ಮಾಡ್ಲಾ?"

"ಮಗ ಕತ್ತೆ ಆಗಿರೋವಾಗ ತಾಯಿ ಮೇಕೆ ಆದ್ರೆ ಏನು ತಪ್ಪು?"

ಕೋಣೆಯೆಲ್ಲ ನಕ್ಕಿತು. ಅವನೂ ನಕ್ಕು, ತಟ್ಟೆಯಿಂದ ಎರಡು ಪಿರೋಗಿ ಒಟ್ಟಿಗೆ ಎತ್ತಿಕೊಂಡು ಹೋದ.

ಗುರುವಾರ ನಾನೇ ಅಜ್ಜಿಯನ್ನು ತೊಳೆದೆ. ಮುನ್ನೂರ ಹನ್ನೊಂದು ಸಲ. ಮೊದಲು ತಲೆವಸ್ತ್ರದ ಕೆಂಪು ಬಿಡುತ್ತಿತ್ತು, ಆಮೇಲೆ ಮುಖ. ಒಂದು ಹಾಳೆ ಸೀಳಿಹೋಗಿದೆ ಎಂದು ಹೇಳಿ ಏಪ್ರನ್ನಿನೊಳಗೆ ಸೇರಿಸಿಕೊಂಡೆ. ಅದು ಈಗಲೂ ನನ್ನ ಬೀರುವಿನಲ್ಲಿದೆ, ಸೀಳು ಗೀಳು ಏನೂ ಇಲ್ಲ. ತೊಳೆದ ಆ ಹಾಳೆಗಳೇ ಒಣಗಿ ಮುಂದಿನ ವಾರ ಮೇಕೆಯಾಗಿ ವಾಪಸು ಬಂದವು. ಹ್ಯಾಟು ಇತ್ತು, ಗಡ್ಡ ಇತ್ತು. ಬ್ರೀಫ್‌ಕೇಸು ಕಂಕುಳಲ್ಲೇ ಇರಲಿ, ಅದು ಪಾತ್ರದ ಗುಣ ಎಂದು ಬ್ರಾಗಿನ್ ಒತ್ತಾಯಿಸಿದ್ದರಿಂದ ಅದೂ ಇತ್ತು. ಹೆಗಲ ಮೇಲೆ ಅಡ್ಡೆ. ಫೆಬ್ರವರಿಯಲ್ಲಿ ಸಮಿತಿ ನೋಡಿತು, ಚಪ್ಪಾಳೆ ತಟ್ಟಿತು. ಅದು ಯಾರ ನಡಿಗೆ ಎಂದು ಏಳು ಜನರಲ್ಲಿ ಒಬ್ಬನೂ ಕೇಳಲಿಲ್ಲ.

ಮಾರ್ಚಿನಲ್ಲಿ ಚಿತ್ರದ ಒಂದು ಪ್ರತಿ ಅವನ ಊರಿನ ಸಿನಿಮಾ ತೋರಿಸುವ ಕ್ಲಬ್ಬಿಗೆ ಹೋಗುವಂತೆ ವೇನ್ಯಾ ಯಾರ ಯಾರದೋ ಕಾಲು ಹಿಡಿದು ಮಾಡಿಸಿದ. ಆಮೇಲೆ ಒಬ್ಬನೇ ಹೋಗುವುದಕ್ಕೆ ಹೆದರಿ ನನ್ನನ್ನು ಬಾ ಎಂದ. ಜನ ಏನೇನೋ ಅಂದರು. ನನ್ನ ಗಂಡ ಮಾತ್ರ, "ಹೋಗ್ಬಾ, ಮೂರು ದಿನ ನನ್ನ ಕಿವಿಗೂ ರಜ," ಎಂದ. ರೈಲು, ಬಸ್ಸು, ಕೊನೆಗೆ ಅಂಚೆಯ ಜಾರುಬಂಡಿ. ದಾರಿಯುದ್ದಕ್ಕೂ ವೇನ್ಯಾ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಊರೆಲ್ಲ ಅವಳನ್ನ ನೋಡಿ ನಕ್ಕರೆ?"

"ನಗಲಿ. ನಗು ಬರೋ ಚಿತ್ರಾನೇ ಅಲ್ವಾ?"

"ಅವಳು ನಗದೇ ಇದ್ರೆ?"

ನಾನು ಕಂಬಳಿಯನ್ನು ಅವನ ಮೊಣಕಾಲಿನ ಮೇಲೆ ಎಳೆದೆ.

ಉಸ್ತೀನ್ಯಾ ಅಜ್ಜಿ ಒಂದು ಹಿಡಿಯಷ್ಟಿದ್ದಳು. ಒಂದು ಕಣ್ಣು ಬಿಳಿ. ಇನ್ನೊಂದನ್ನು ಕಿರಿದು ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೂ ಬಣ್ಣದ ಕಾರ್ಖಾನೆಯವಳೇನವ್ವಾ?" ಎಂದಳು.

"ಹೌದಜ್ಜಿ," ಎಂದೆ. ನಾನು ಹೇಳಿದ್ದು ಸುಳ್ಳೂ ಅಲ್ಲ.

ಕ್ಲಬ್ಬಿಗೆ ಬರುವುದಿಲ್ಲವೆಂದು ಹಟ ಹಿಡಿದಳು. ಮೊಲ ಬೇಕಾದರೆ ಕಾಡಲ್ಲೇ ಇದಾವೆ, ಅದಕ್ಕೆ ಬೆಂಚು ಯಾಕೆ ಎಂದಳು. ಫ್ಯೋಕ್ಲಾ ಒಂದು ಕಡೆ, ನಾನೊಂದು ಕಡೆ ತೋಳು ಹಿಡಿದು ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸಿದೆವು. ಊರು ಪೂರ್ತಿ ಬಂದಿತ್ತು, ಆಮೇಲೆ ತೋರಿಸುವ ದೊಡ್ಡ ಚಿತ್ರಕ್ಕಾಗಿ. ಎಲ್ಲರ ಬಾಯಲ್ಲೂ ಸೂರ್ಯಕಾಂತಿ ಬೀಜ. ವೇನ್ಯಾ ಬಾಗಿಲಿಗೆ ಒರಗಿ ನಿಂತ, ಕೋಟು ತೊಟ್ಟೇ ಇದ್ದ.

ಹುಂಜ ಜಗಳವಾಡಿತು. ಮೇಕೆ ಎಲೆಕೋಸುಗಳಿಗೆ ಭಾಷಣ ಮಾಡಿತು. ಜನ ನಕ್ಕರು. ಆಮೇಲೆ ಹೊಳೆಯ ಕಡೆಯಿಂದ ಮೇಕೆ ಅಡ್ಡೆ ಹೊತ್ತು ಏರು ಹತ್ತತೊಡಗಿತು. ಮೂರು ಹೆಜ್ಜೆ. ನಿಂತಿತು. ಎಡ ಹೆಗಲು ಎತ್ತಿತು. ಬಕೆಟ್ಟಿಗೆ ಬೈದಿತು.

ಬೀಜ ಒಡೆಯುವ ಸದ್ದು ನಿಂತುಹೋಯಿತು. ಮತ್ತೆ ಮೂರು ಹೆಜ್ಜೆ.

"ಅಯ್ಯೋ ನಮ್ಮವ್ವಾ," ಎಂದಳು ಫ್ಯೋಕ್ಲಾ ನನ್ನ ಪಕ್ಕದಲ್ಲಿ. "ಇದು ಉಸ್ತೀನ್ಯಾ ಕಣ್ರೇ."

ಕ್ಲಬ್ಬು ಬಿದ್ದೂ ಬಿದ್ದೂ ನಕ್ಕಿತು. ಬೆಂಚುಗಳು ಕಿರುಗುಟ್ಟಿದವು. ಹಿಂದಿನಿಂದ ಒಬ್ಬ, "ಅಜ್ಜೀ, ಹ್ಯಾಟು ಯಾವಾಗ ತಗೊಂಡೆ?" ಎಂದು ಕೂಗಿದ. ನಾನು ತಿರುಗಿ ನೋಡಿದೆ. ಬಾಗಿಲಲ್ಲಿ ವೇನ್ಯಾ ಇರಲಿಲ್ಲ. ಯುದ್ಧದಲ್ಲಿ ಬಾಂಬಿನ ಪಕ್ಕ ಫಲಕ ನೆಟ್ಟವನು ಮೇಕೆಗೆ ಹೆದರಿ ಓಡಿದ್ದ.

ಅಜ್ಜಿ ನಗಲಿಲ್ಲ. ಕುತ್ತಿಗೆ ಮುಂದೆ ಚಾಚಿ, ಉಳಿದ ಒಂದೇ ಕಣ್ಣಿನಿಂದ ತೆರೆ ನೋಡುತ್ತಿದ್ದಳು. ದೀಪ ಹತ್ತಿದ ಮೇಲೆ ಚಿತ್ರ ಓಡಿಸುವ ಯಂತ್ರದವನ ಕಡೆ ತಿರುಗಿ, "ಇನ್ನೊಂದ್ ಸಲ ಹಾಕಪ್ಪಾ," ಎಂದಳು. ಅವನು ಹಾಕಿದ. ಆಗಲೂ ನಗಲಿಲ್ಲ. ದೊಡ್ಡ ಚಿತ್ರಕ್ಕೆ ನಿಲ್ಲದೆ ಎದ್ದು ಮನೆಗೆ ಹೊರಟಳು.

ಮನೆಯಲ್ಲಿ ವೇನ್ಯಾ ಒಲೆಯ ಪಕ್ಕ ಕೂತಿದ್ದ. ಅಜ್ಜಿ ಉಣ್ಣೆಯ ಬೂಟು ಕಳಚಿದಳು, ಒಲೆಯ ಮೇಲಿಟ್ಟಳು, ಸಮೋವಾರಿನಿಂದ ಮೂರು ಲೋಟ ಚಹಾ ಬಗ್ಗಿಸಿದಳು. ಕಣ್ಣು ಸರಿಯಾಗಿ ಕಾಣದಿದ್ದರೂ ಒಂದು ಹನಿ ಹೊರಗೆ ಬೀಳಲಿಲ್ಲ.

"ಗಡ್ಡ ಜಾಸ್ತಿ ಆಯ್ತು," ಎಂದಳು ಕೊನೆಗೆ. "ನನಗಿರೋದು ನಾಕೇ ಕೂದ್ಲು."

"ಅಮ್ಮ, ಮೊದಲು ನಿನ್ನೇ ಬರೆದಿದ್ದೆ, ನಿನ್ನ ಕೆಂಪು ತಲೆವಸ್ತ್ರಾನೇ ಹಾಕಿ. ಅವರು ಬಿಡಲಿಲ್ಲ..."

"ಸುಮ್ನಿರ್ಲಾ. ನಾನ್ ಕೇಳಿದ್ದಕ್ಕೆ ಹೇಳು. ದಿನಾ ನನ್ ಜೊತೆ ಹೊಳೆಗೆ ಬರ್ತಿದ್ದೆ. ಬರೋವಾಗ ಒಂದ್ ಚೊಂಬೂ ಹಿಡೀತಿರ್ಲಿಲ್ಲ, ಮುಂದ್ ಮುಂದೇ ಹೋಗ್ತಿದ್ದೆ. ಅವ್ವ ಹೊತ್ಕೊಂಡ್ ಬರ್ತಾವ್ಳಾ, ಬಿದ್ಳಾ ಅಂತ ಒಂದ್ ಸಲಾನೂ ತಿರುಗಿ ನೋಡ್ಲಿಲ್ಲ. ನಲವತ್ತು ವರ್ಷದಿಂದ ಅದೇ ನನ್ ಹೊಟ್ಟೇಲಿ ಉರೀತೈತೆ. ತಿರುಗಿ ನೋಡ್ದೇ ಇದ್ದೋನಿಗೆ ನನ್ ಎಡ ಹೆಗಲು ಹೆಂಗ್ಲಾ ಗೊತ್ತಾಯ್ತು?"

ವೇನ್ಯಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಎಂಟು ಬೆರಳಿನಲ್ಲಿ.

"ನೆರಳಮ್ಮ," ಎಂದ. "ನಮ್ಮೂರಲ್ಲಿ ಸೂರ್ಯ ಹುಟ್ಟೋದು ಹೊಳೆ ಆಚೆಯಿಂದ. ಏರು ಹತ್ತೋವಾಗ ನಮ್ಮ ಬೆನ್ನ ಹಿಂದೆ ಇರ್ತಿದ್ದ. ನಿನ್ನ ನೆರಳು ಉದ್ದಕ್ಕೆ ನನ್ನ ಮುಂದೆ ಬೀಳ್ತಿತ್ತು. ಅಡ್ಡೆ, ಬಕೆಟ್ಟು, ಹೆಗಲು, ಎಲ್ಲ. ನಾನು ಅದನ್ನೇ ನೋಡ್ಕೊಂಡು ನಡೀತಿದ್ದೆ. ಅದು ನಿಂತ್ರೆ ನಾನೂ ನಿಲ್ತಿದ್ದೆ. ತಿರುಗಿದ್ರೆ ಅದು ತಪ್ಪಿಹೋಗೋದು."

ಅಜ್ಜಿ ತನ್ನ ಲೋಟವನ್ನು ಕೆಳಗಿಟ್ಟಳು.

"ನೀನ್ ನಿಲ್ಲೋದು ನಂಗ್ ಕಾಣ್ತಿತ್ತು," ಎಂದಳು. "ಸೋಮಾರಿ ನನ್ಮಗ, ಖಾಲಿ ಕೈಲೂ ನಡೆಯೋಕಾಗ್ದೆ ನಿಲ್ತಾನೆ ಅನ್ಕೊಂಡಿದ್ದೆ."

ನನಗೆ ಅಳು ಬಂತು. ಬಂತೆಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಇಪ್ಪತ್ತು ವರ್ಷದಿಂದ ಕಂಬಗಳಿಗೆ ಹಣೆ ಬಡಿಸಿಕೊಳ್ಳುವ ಈ ಮನುಷ್ಯನನ್ನು ಆಡಿಕೊಂಡು ನಕ್ಕವಳು ನಾನೇ.

ಬೆಳಿಗ್ಗೆ ಎದ್ದಾಗ ಅಜ್ಜಿ ಅಂಗಳದಲ್ಲಿ ಅಡ್ಡೆ ಹೆಗಲಿಗೇರಿಸುತ್ತಿದ್ದಳು. ವೇನ್ಯಾ ಓಡಿಹೋಗಿ, "ಕೊಡಮ್ಮ, ನಾನು ತರ್ತೀನಿ," ಎಂದು ಕೈ ಹಾಕಿದ. ಅವಳು ಕೈ ತಳ್ಳಿದಳು.

"ನಿಂಗ್ ಹೊರೋಕ್ ಬರಲ್ಲ. ಬರೋವಾಗ ಮುಂದ್ ನಡಿ. ನೋಡ್ಕೋ."

ಇಬ್ಬರೂ ಹೊಳೆಗೆ ಇಳಿದರು. ಹಿಮಗಟ್ಟಿದ ಹೊಳೆಯಲ್ಲಿ ಕೊರೆದ ತೂತಿನಿಂದ ನೀರು ತುಂಬಿಕೊಂಡು ತಿರುಗಿದರು. ಸೂರ್ಯ ಆಚೆ ದಡದ ಮೇಲೆ ಆಗಷ್ಟೇ ಬಂದಿದ್ದ. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಬೋಳುತಲೆಯ ನಿರ್ದೇಶಕ ಬರಿಗೈಯಲ್ಲಿ ಮುಂದೆ ಬರುತ್ತಿದ್ದ. ತಲೆ ತಗ್ಗಿತ್ತು, ಕಣ್ಣು ಹಿಮದಲ್ಲಿ ಬಿದ್ದ ನೆರಳಿನ ಮೇಲಿತ್ತು. ಅದು ನಿಂತಾಗ ನಿಂತ, ಅದು ನಡೆದಾಗ ನಡೆದ. ಮೂರು ಹೆಜ್ಜೆ, ಮತ್ತೆ ಮೂರು ಹೆಜ್ಜೆ. ಹಾಗೇ ಬಂದು ನೇರ ಅಂಗಳದ ಗೇಟಿನ ಕಂಬಕ್ಕೆ ಹಣೆ ಬಡಿಸಿಕೊಂಡ.

ಅಜ್ಜಿ ನಿಂತಳು. ಎಡ ಹೆಗಲು ಎತ್ತಿ ಅಡ್ಡೆ ಸರಿಮಾಡಿಕೊಂಡಳು. ಆಮೇಲೆ ಬಾಯಿ ತುಂಬ ಬೈದಳು. ಈ ಸಲ ಬಕೆಟ್ಟಿಗಲ್ಲ.